ಮೂರು ಕಟ್ಟು, ಮೂರು ಪರದೆ

ಸಿಂದಗಿಯಲ್ಲಿರುವ ಅಣ್ಣನ ಮನೆಗೆ ಹೋದಾಗಲೆಲ್ಲ ಅವನ ಮಗಳ ಮೇಜಿನ ಮೇಲೆ ಒಂದು ಹೊಸ ವಸ್ತು ಕಾಣುತ್ತದೆ. ಈ ಸಲ ಎರಡು ಮಾನಿಟರ್ ಇದ್ದವು. ಒಂದು ಹೊಸದು, ಅಗಲವಾದದ್ದು. ಇನ್ನೊಂದು ಹಳೆಯ ಚೌಕಾಕಾರದ್ದು. ಬಾಗಿಲು ಹಾಕಿದ ಇಂಟರ್‌ನೆಟ್ ಸೆಂಟರಿನವನೊಬ್ಬ ಮೂಲೆಯಲ್ಲಿ ಒಟ್ಟಿದ್ದರಲ್ಲಿ ಆರಿಸಿ ತಂದದ್ದಂತೆ. ನಡುವೆ ಅವಳ ಲ್ಯಾಪ್‌ಟಾಪ್. ಹುಡುಗಿಯ ಮುಖ ಮಾತ್ರ ಬಾಡಿತ್ತು.

“ನೋಡ್ ಕಾಕಾ, ಎರಡರಾಗೂ ಒಂದ ಕಾಣ್ಲಾಕತ್ತದ. ನನಗ ಬ್ಯಾರೆ ಬ್ಯಾರೆ ಬೇಕು.”

ಲ್ಯಾಪ್‌ಟಾಪಿನ ಒಂದೇ ಎಚ್‌ಡಿಎಂಐ ಕಿಂಡಿಗೆ ಅವಳು ಒಂದು ಸ್ಪ್ಲಿಟರ್ ಸಿಕ್ಕಿಸಿ ಎರಡು ಕೇಬಲ್ ಎಳೆದಿದ್ದಳು. ಸ್ಪ್ಲಿಟರ್ ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡಿತ್ತು. ಬಂದ ಚಿತ್ರ ಒಂದು, ಅದನ್ನೇ ಎರಡಾಗಿ ಹಂಚಿತ್ತು. ಮದುವೆಮನೆಯಲ್ಲಿ ನಾಲ್ಕು ಟಿವಿಗಳಲ್ಲಿ ಒಂದೇ ಅಕ್ಷತೆ ತೋರಿಸುವುದಕ್ಕೆ ಅದು ಸರಿ. ಅವಳಿಗೆ ಬೇಕಾಗಿದ್ದದ್ದು ಬೇರೆ. ಅವಳ ಬಳಿ ಎರಡು ಓಲೆಗರಿಯ ಕಟ್ಟುಗಳ ಫೋಟೋಗಳಿದ್ದವು. ಒಂದು ಇಂಡಿ ಕಡೆಯ ಒಂದು ಮನೆಯ ದೇವರ ಕೋಣೆಯದು, ಇನ್ನೊಂದು ಮುದ್ದೇಬಿಹಾಳ ಕಡೆಯ ನಮ್ಮ ಬೀಗರ ಮನೆಯದು. ಎರಡರಲ್ಲೂ ಅವವೇ ತತ್ವಪದಗಳು. ಪೂರ್ತಿ ಅವವೇ ಅಲ್ಲ ಎಂಬುದೇ ಅವಳ ಸಂಶೋಧನೆಯ ವಿಷಯ. ಎರಡನ್ನೂ ಎದುರಿಗಿಟ್ಟುಕೊಂಡು, ಮೂರನೆಯ ಕಡೆ ತನ್ನ ಪಾಠವನ್ನು ಟೈಪ್ ಮಾಡಬೇಕು. ಹೋಲಿಸಿ ನೋಡಬೇಕಾದವಳಿಗೆ ಒಂದೇ ಪುಟವನ್ನು ಎರಡು ಕಡೆ ತೋರಿಸಿದರೆ ಏನು ಬಂತು?

ಆ ಸಂಜೆ ಕೇಬಲ್ಲುಗಳ ನಡುವೆ ಕುಳಿತಾಗ ನನಗೆ ಹೊಳೆದದ್ದು, ಈ ಹುಡುಗಿಯ ತೊಂದರೆ ಕಂಪ್ಯೂಟರಿಗಿಂತ ಬಹಳ ಹಳೆಯದು ಎಂಬುದು. ಅದರ ಚರಿತ್ರೆಯ ಒಂದು ದೊಡ್ಡ ಪಾಲು ನಮ್ಮ ಈ ಜಿಲ್ಲೆಯಲ್ಲೇ ನಡೆದಿದೆ.

ಓಲೆಯ ಕಟ್ಟನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು. ಮೇಲೆ ಕೆಳಗೆ ಎರಡು ಮರದ ಹಲಗೆ, ನಡುವೆ ಗರಿಗಳು, ತೂತಿನಲ್ಲಿ ಪೋಣಿಸಿದ ದಾರ. ಓದಬೇಕಾದರೆ ದಾರ ಸಡಿಲಿಸಿ ಒಂದೊಂದೇ ಗರಿಯನ್ನು ಮಗುಚುತ್ತ ಹೋಗಬೇಕು. ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿ ತಿಕ್ಕಿದ್ದು ಮಾಸಿಹೋಗಿದ್ದರೆ ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಎರಡೂ ಕೈ ಅದಕ್ಕೇ ಬೇಕು. ಅಂದರೆ ಒಂದು ಕಟ್ಟು ಒಬ್ಬ ಓದುಗನನ್ನು ಪೂರ್ತಿಯಾಗಿ ಕೇಳುತ್ತದೆ. ಅದೇ ಕೃತಿಯ ಇನ್ನೊಂದು ಪ್ರತಿಯಲ್ಲಿ ಈ ಸಾಲು ಹೇಗಿದೆ ಎಂದು ನೋಡಬೇಕಾದರೆ ಇದನ್ನು ಕೆಳಗಿಟ್ಟು ಅದನ್ನು ಬಿಚ್ಚಬೇಕು. ಅಷ್ಟರಲ್ಲಿ ಇಲ್ಲಿ ಕಂಡದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡಿರಬೇಕು. ಆ ನಾಲ್ಕು ಕ್ಷಣದ ನೆನಪಿನಲ್ಲಿಯೇ ತಪ್ಪುಗಳು ಹುಟ್ಟುವುದು.

ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದುಕೊಂಡು ವಚನಗಳ ಕಟ್ಟುಗಳನ್ನು ಕೂಡಿಸಲು ಹೊರಟ ಕಾಲಕ್ಕೆ ಇದಕ್ಕೊಂದು ಮೇಜಿನ ವ್ಯವಸ್ಥೆ ಎಂಬುದಿರಲಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ತಮ್ಮ ಬದುಕನ್ನು ವಿಜಾಪುರಕ್ಕೆ ಕೊಟ್ಟರು. 1910ರಲ್ಲಿ ಇಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದವರಲ್ಲಿ ಅವರೇ ಮುಂಚೂಣಿಯವರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬಂತು. ಮುಂದೆ ಹಿತಚಿಂತಕ ಮುದ್ರಣಾಲಯ, 1926ರಿಂದ ‘ಶಿವಾನುಭವ’ ಪತ್ರಿಕೆ. ಅಚ್ಚಿನ ಮನೆಗಾಗಿ ಇದ್ದ ಮನೆಯನ್ನೇ ಮಾರಿದ ಕಥೆ ನಮ್ಮ ಕಡೆ ಶಾಲೆಯ ಮಕ್ಕಳಿಗೂ ಗೊತ್ತು. ಆ ತ್ಯಾಗದ ಕಥೆಯನ್ನು ಹೇಳುವಾಗ ನಾವು ಒಂದು ವಿಷಯವನ್ನು ದಾಟಿಸಿಬಿಡುತ್ತೇವೆ. ಮನೆ ಮಾರುವುದು ಒಮ್ಮೆ ಆಗುವ ಕೆಲಸ. ಸಾವಿರಾರು ಗರಿಗಳ ಮೇಲೆ ಕಣ್ಣಾಡಿಸಿ, ಒಂದನ್ನು ಇನ್ನೊಂದಕ್ಕೆ ಹೋಲಿಸಿ, ಯಾವುದು ಯಾರ ವಚನ, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೆರೆ ಹಾಕುವುದು ದಿನಾಲೂ ಆಗಬೇಕಾದ ಕೆಲಸ. 1964ರಲ್ಲಿ ತೀರಿಕೊಳ್ಳುವವರೆಗೆ ಅವರ ಹೆಸರಿನ ಜೊತೆ ಇದ್ದದ್ದು ಈ ಎರಡನೆಯ ಕೆಲಸ.

ಹಾಗೆ ಹೋಲಿಸದಿದ್ದರೆ ಏನಾಗುತ್ತದೆ? ಒಂದು ಉದಾಹರಣೆ ಸಾಕು. ಹಳೆಯ ಓಲೆಗಳಲ್ಲಿ ಎಕಾರ-ಏಕಾರ, ಒಕಾರ-ಓಕಾರಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಗುರುತಿಲ್ಲ. ಪದದ ನಡುವೆ ಜಾಗವಿಲ್ಲ, ಸಾಲು ಉದ್ದಕ್ಕೆ ಹರಿದುಕೊಂಡು ಹೋಗುತ್ತದೆ. ಪಕಾರ, ವಕಾರ, ಮಕಾರಗಳು ಅವಸರದ ಕೈಯಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹೀಗಿರುವಾಗ ‘ಒಲೆ’ ಮತ್ತು ‘ಓಲೆ’ ಗರಿಯ ಮೇಲೆ ಒಂದೇ. ಒಂದರಲ್ಲಿ ರೊಟ್ಟಿ ಬೇಯುತ್ತದೆ, ಇನ್ನೊಂದರ ಮೇಲೆ ಮಾತು ಉಳಿಯುತ್ತದೆ. ಓದುವವನು ಯಾವುದನ್ನು ಉಚ್ಚರಿಸುತ್ತಾನೋ ಅದು ಪಾಠ. ಅಚ್ಚಿನ ಮೊಳೆಗೆ ಆ ಅನುಮಾನದ ಸೌಲಭ್ಯವಿಲ್ಲ. ಅಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದ ಮೇಲೆ ಅದು ಪಠ್ಯಪುಸ್ತಕಕ್ಕೆ ಹೋಗುತ್ತದೆ, ಹಾಡುವವರ ಬಾಯಿಗೆ ಹೋಗುತ್ತದೆ, ಕಡೆಗೆ ಕಲ್ಲಿಗೂ ಹೋಗುತ್ತದೆ. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ ವಚನಗಳನ್ನು ಶಿಲೆಯಲ್ಲಿ ಕೊರೆಸಿ ಮಂಟಪ ಮಾಡಿದ್ದಾರೆ. ಅಲ್ಲಿ ನಿಂತಾಗ ಭಕ್ತಿಯ ಜೊತೆ ನನಗೆ ಇನ್ನೊಂದು ಯೋಚನೆಯೂ ಬರುತ್ತದೆ. ಗರಿಯ ಮೇಲೆ ಅನುಮಾನವಾಗಿದ್ದದ್ದು ಕಾಗದದ ಮೇಲೆ ತೀರ್ಮಾನವಾಗಿ, ಕಲ್ಲಿನ ಮೇಲೆ ಶಾಶ್ವತವಾಗಿದೆ. ಆ ತೀರ್ಮಾನ ಮಾಡಿದವರ ಎದುರಿಗೆ ಆ ದಿನ ಎಷ್ಟು ಪ್ರತಿಗಳು ತೆರೆದಿದ್ದವು?

ಕನ್ನಡದಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರವಾಗಿ ಕೇಳಿದವರಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಬಂತು, ಹಳಕಟ್ಟಿಯವರು ತೀರಿಕೊಂಡ ವರ್ಷವೇ. ಸಿಕ್ಕ ಪ್ರತಿಗಳಿಗೆ ಅ, ಆ, ಇ ಎಂದೋ ಕ, ಖ, ಗ ಎಂದೋ ಹೆಸರಿಟ್ಟು, ಒಂದನ್ನು ಆಧಾರವಾಗಿ ಹಿಡಿದು, ಉಳಿದವುಗಳಲ್ಲಿ ಬೇರೆಯಾಗಿ ಕಂಡದ್ದನ್ನೆಲ್ಲ ಪುಟದ ಅಡಿಗೆ ಬರೆಯುವ ಪದ್ಧತಿ ನಮ್ಮ ವಿದ್ವಾಂಸರ ಕೈಯಲ್ಲಿ ಗಟ್ಟಿಯಾಯಿತು. ಸಂಪಾದಿತ ಗ್ರಂಥದ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಸಾಲುಗಟ್ಟಿರುವ ಪಾಠಾಂತರಗಳನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಓದದೆ ಬಿಡುತ್ತಿದ್ದೆವು. ಈಗ ಅನಿಸುತ್ತದೆ, ಆ ಅಡಿಟಿಪ್ಪಣಿಗಳೇ ಅವರ ಎರಡನೆಯ, ಮೂರನೆಯ ಪರದೆ. ಒಂದೇ ಪುಟದಲ್ಲಿ ನಾಲ್ಕು ಕಟ್ಟುಗಳನ್ನು ಒಟ್ಟಿಗೆ ತೆರೆದಿಡಲು ಕಂಡುಕೊಂಡ ದಾರಿ ಅದು.

ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ. ಎಂ. ಕಲಬುರ್ಗಿಯವರು ಗ್ರಂಥಸಂಪಾದನೆಯ ಶಾಸ್ತ್ರದ ಬಗ್ಗೆಯೇ ಪುಸ್ತಕ ಬರೆದವರು. ಅವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳು ಹಳಕಟ್ಟಿಯವರಿಂದ ಶುರುವಾದ ಹೋಲಿಕೆಯ ಕೆಲಸವನ್ನು ಒಂದು ನೆಲೆಗೆ ತಂದವು. ಬಸವಣ್ಣನವರ ವಚನಗಳ ಮೊದಲ ಸಂಪುಟ ಅವರದೇ ಸಂಪಾದನೆ. ಪಠ್ಯವನ್ನು ಹತ್ತಿರದಿಂದ ಓದುವುದು ನಿರುಪದ್ರವಿ ಕೆಲಸ ಎಂದು ಯಾರಾದರೂ ತಿಳಿದಿದ್ದರೆ ಅವರ ಬದುಕನ್ನು ನೋಡಬೇಕು. ‘ಮಾರ್ಗ’ದ ಮೊದಲ ಸಂಪುಟದ ಲೇಖನಗಳಿಗಾಗಿ 1989ರಲ್ಲಿ ಅವರು ತೀವ್ರ ವಿರೋಧ ಎದುರಿಸಿ ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಲೇಖನಗಳಲ್ಲಿ ಒಂದು ನೀಲಾಂಬಿಕೆಯ ಕುರಿತದ್ದು. ನೀಲಮ್ಮನ ಗುಡಿ ಇರುವುದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ನಮ್ಮ ಅಣ್ಣನ ಮಗಳು ಆಗ ಶಾಲೆಯಲ್ಲಿದ್ದಳು. ತಾನು ಮಾಡಬೇಕಾದದ್ದು ಇಂಥ ಕೆಲಸ ಎಂದು ಅವಳಿಗೆ ಅನಿಸಿದ್ದು ಅಲ್ಲಿಂದ ಎಂದು ಒಮ್ಮೆ ಹೇಳಿದ್ದಳು.

ಓಲೆಯಿಲ್ಲದೆಯೂ ಹೋಲಿಕೆ ನಡೆದಿದೆ. ಹಲಸಂಗಿ ಆಗ ಇಂಡಿ ತಾಲ್ಲೂಕಿನಲ್ಲಿತ್ತು, ಈಗ ಚಡಚಣಕ್ಕೆ ಸೇರಿದೆ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಅವರ ಗೆಳೆಯರು ಕೂಡಿಸಿದ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾದವು. ಬೀಸುವ ಕಲ್ಲಿನ ಮುಂದೆ ಕುಳಿತ ಒಬ್ಬಾಕೆ ಹಾಡಿದ್ದಕ್ಕೂ ಪಕ್ಕದ ಓಣಿಯ ಇನ್ನೊಬ್ಬಾಕೆ ಹಾಡಿದ್ದಕ್ಕೂ ಒಂದು ಪದ ಬೇರೆ ಇರುವುದೇ ಹಾಡಿನ ಗುಣ. ಅಲ್ಲಿ ಎರಡು ಪ್ರತಿಗಳನ್ನು ಒಟ್ಟಿಗೆ ಇಡಲು ಇದ್ದ ಜಾಗ ಕಿವಿ ಮಾತ್ರ.

ಓಲೆಯ ವಿಷಯದಲ್ಲೂ ಕಿವಿಯ ಪಾತ್ರ ಸಣ್ಣದಲ್ಲ. ಹಳೆಯ ಸಂಪಾದಕರ ರೂಢಿ ಏನೆಂದರೆ, ಒಬ್ಬರು ಒಂದು ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮತ್ತೊಂದು ಪ್ರತಿಯ ಮೇಲೆ ಬೆರಳಿಟ್ಟು ಕೇಳುತ್ತ ಹೋಗುವುದು, ಬೇರೆಯಾದಲ್ಲಿ ‘ತಡಿ’ ಅನ್ನುವುದು. ಎರಡು ಕಟ್ಟಿಗೆ ಎರಡು ಜನ. ಬಡವರ ಎರಡು ಪರದೆ ಎಂದರೆ ಇದೇ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರೂ ಹೀಗೆಯೇ ಮಾಡುತ್ತಿದ್ದರು.

ಹೊರಗಿನ ಜಗತ್ತೂ ಈ ಇಕ್ಕಟ್ಟಿಗೆ ಉಪಾಯ ಹುಡುಕಿತ್ತು. 1588ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾದ ಯಂತ್ರಗಳ ಪುಸ್ತಕವೊಂದರಲ್ಲಿ ಇಟಲಿಯ ಅಗೊಸ್ಟಿನೊ ರಮೆಲ್ಲಿ ಒಂದು ಚಕ್ರದ ಚಿತ್ರ ಕೊಟ್ಟಿದ್ದಾನೆ. ನೀರೆತ್ತುವ ರಾಟೆಯಂತೆ ದೊಡ್ಡ ಚಕ್ರ, ಅದಕ್ಕೆ ಸುತ್ತ ಕಟ್ಟಿದ ಇಳಿಜಾರು ಹಲಗೆಗಳು, ಒಂದೊಂದು ಹಲಗೆಯ ಮೇಲೆ ತೆರೆದ ಪುಸ್ತಕ. ಓದುವವನು ಕುರ್ಚಿಯಲ್ಲಿ ಕುಳಿತೇ ಚಕ್ರ ತಿರುಗಿಸಿದರೆ ಬೇಕಾದ ಪುಸ್ತಕ ಎದುರಿಗೆ ಬರುತ್ತದೆ. ನಮ್ಮ ವ್ಯಾಸಪೀಠಗಳನ್ನು ರಾಟೆಗೆ ಕಟ್ಟಿದಂತೆ. ಚಿತ್ರ ನೋಡಲು ಬಹಳ ಚೆಂದ. ಆದರೆ ಒಂದು ಸಲಕ್ಕೆ ಕಣ್ಣಿನ ಮುಂದೆ ನೆಟ್ಟಗೆ ಇರುವುದು ಹೆಚ್ಚುಕಡಿಮೆ ಒಂದೇ ಪುಸ್ತಕ. ಈಗ ಕೀಲಿಮಣೆಯಲ್ಲಿ ಆಲ್ಟ್ ಮತ್ತು ಟ್ಯಾಬ್ ಒತ್ತಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುತ್ತೇವಲ್ಲ, ಅದು ರಮೆಲ್ಲಿಯ ಚಕ್ರ. ಹಾರುವಾಗ ನೆನಪಿನಲ್ಲಿ ಹಿಡಿದಿಡುವ ಕಷ್ಟ ಅಲ್ಲಿಯೂ ತಪ್ಪಲಿಲ್ಲ.

ನಿಜವಾದ ಎರಡು ಪರದೆಯ ಮೇಜನ್ನು ಬರಹದಲ್ಲಿ ಮೊದಲು ವಿವರವಾಗಿ ಕಟ್ಟಿದವರಲ್ಲಿ ಅಮೆರಿಕದ ವ್ಯಾನವರ್ ಬುಷ್ ಒಬ್ಬ. 1945ರ ಜುಲೈ ತಿಂಗಳ ‘ಅಟ್ಲಾಂಟಿಕ್’ ಪತ್ರಿಕೆಯ ಲೇಖನವೊಂದರಲ್ಲಿ ಅವನು ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸಿದ. ಮೈಕ್ರೋಫಿಲ್ಮಿನಲ್ಲಿ ಪುಸ್ತಕಗಳನ್ನು ತುಂಬಿಸಿಟ್ಟ ಒಂದು ಮೇಜು, ಮೇಲೆ ಓರೆಯಾಗಿ ಕೂರಿಸಿದ ಪರದೆಗಳು. ಒಂದು ಪುಟವನ್ನು ಒಂದು ಪರದೆಯ ಮೇಲೆ ಹಾಗೇ ಬಿಟ್ಟು ಇನ್ನೊಂದನ್ನು ಪಕ್ಕದಲ್ಲಿ ತರಬಹುದು, ಎರಡಕ್ಕೂ ಕೊಂಡಿ ಹಾಕಬಹುದು. ಯಂತ್ರ ಎಂದೂ ತಯಾರಾಗಲಿಲ್ಲ. ಆದರೆ ಗಮನಿಸಿ, ಅಲ್ಲಿ ಎರಡು ಪರದೆ ಇದ್ದದ್ದು ವೈಭವಕ್ಕಲ್ಲ, ಪಕ್ಕಪಕ್ಕ ಇಟ್ಟು ನೋಡುವುದಕ್ಕೆ.

ಕಂಪ್ಯೂಟರುಗಳು ಮನೆಗೆ ಬಂದ ಮೇಲೆ ಈ ಆಸೆ ಕುಂಟುತ್ತ ನಡೆಯಿತು. 1981ರ ಐಬಿಎಂ ಪಿಸಿಗೆ ಏಕವರ್ಣದ ಅಕ್ಷರದ ಒಂದು ಕಾರ್ಡ್, ಬಣ್ಣದ ಇನ್ನೊಂದು ಕಾರ್ಡ್ ಎರಡನ್ನೂ ಕೂರಿಸಿ ಎರಡು ಮಾನಿಟರ್ ನಡೆಸಬಹುದಿತ್ತು. ಪ್ರೋಗ್ರಾಂ ಬರೆಯುವವರು ಹಾಗೆ ಮಾಡುತ್ತಿದ್ದರು. 1987ರ ಮ್ಯಾಕಿಂಟಾಷ್ 2ರಲ್ಲಿ ಹಲವು ಕಾರ್ಡು, ಹಲವು ಪರದೆ ಹಾಕಿ ಅಷ್ಟನ್ನೂ ಒಂದೇ ಅಂಗಳದಂತೆ ಬಳಸುವ ಅನುಕೂಲವಿತ್ತು. ವಿಂಡೋಸ್‌ನಲ್ಲಿ ಅದು ಎಲ್ಲರಿಗೂ ಸಿಕ್ಕಿದ್ದು ವಿಂಡೋಸ್ 98ರಿಂದ. ಲೆಕ್ಕದ ಪ್ರಕಾರ 9 ಮಾನಿಟರುಗಳವರೆಗೆ. ಆಗ ನಮ್ಮ ಕಡೆ ತಾಲ್ಲೂಕಿನ ಊರಿನಲ್ಲಿ ಒಂದು ಮಾನಿಟರ್ ಇದ್ದ ಡಿಟಿಪಿ ಅಂಗಡಿಯೇ ದೊಡ್ಡ ಸುದ್ದಿ.

ಲ್ಯಾಪ್‌ಟಾಪ್ ಈ ಚರಿತ್ರೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆಯಿತು ಎಂದೇ ನನ್ನ ಅಭಿಪ್ರಾಯ. ಹೊತ್ತು ತಿರುಗುವ ಸುಖಕ್ಕಾಗಿ ನಾವು ಮತ್ತೆ ಒಂದೇ ಕಟ್ಟಿಗೆ ಮರಳಿದೆವು. ಅದಕ್ಕೆ ಹೊರಗಿನ ಪರದೆ ಜೋಡಿಸಲು ಕಿಂಡಿಗಳ ಒಂದು ವಂಶಾವಳಿಯೇ ಬಂತು. 1987ರ ವಿಜಿಎ, 2002ರ ಕೊನೆಗೆ ಎಚ್‌ಡಿಎಂಐ, 2006ರಲ್ಲಿ ಡಿಸ್‌ಪ್ಲೇಪೋರ್ಟ್, 2014ರಲ್ಲಿ ಯುಎಸ್‌ಬಿ-ಸಿ. ಕೊನೆಯದರ ತೊಡಕು ಏನೆಂದರೆ ಎಲ್ಲ ಸಿ ಕಿಂಡಿಗಳೂ ಹೊರಗಿನಿಂದ ಒಂದೇ, ಒಳಗೆ ಬೇರೆ ಬೇರೆ. ಕೆಲವು ಚಿತ್ರವನ್ನು ಕಳಿಸುತ್ತವೆ, ಕೆಲವು ಕಡತಗಳನ್ನಷ್ಟೇ. ‘ಒಲೆ’ಯೋ ‘ಓಲೆ’ಯೋ ನೋಡಿ ಹೇಳಲಾಗದು. ಪಕ್ಕದಲ್ಲಿ ಮಿಂಚಿನ ಗುರುತೋ ಡಿಸ್‌ಪ್ಲೇಪೋರ್ಟಿನ ಗುರುತೋ ಇದ್ದರೆ ಚಿತ್ರ ಬರುತ್ತದೆ ಎಂದು ನಂಬಬಹುದು. ಗುರುತಿಲ್ಲದಿದ್ದರೆ ಆ ಮಾದರಿಯ ಕೈಪಿಡಿ ನೋಡಬೇಕು. ಕಿಂಡಿ ಇದ್ದರೂ ಒಳಗಿನ ಗ್ರಾಫಿಕ್ಸ್ ಚಿಪ್ಪು ಎಷ್ಟು ಬೇರೆ ಬೇರೆ ಚಿತ್ರಗಳನ್ನು ತಯಾರಿಸಬಲ್ಲದು ಎಂಬುದಕ್ಕೆ ಮಿತಿಯಿದೆ. 2020ರಲ್ಲಿ ಬಂದ ಆ್ಯಪಲ್‌ನ ಎಂ1 ಲ್ಯಾಪ್‌ಟಾಪುಗಳು ಎಷ್ಟು ವೇಗದವಾದರೂ ಹೊರಗಿನ ಒಂದೇ ಪರದೆಯನ್ನು ನಡೆಸುತ್ತಿದ್ದವು.

ಅಣ್ಣನ ಮಗಳ ಲ್ಯಾಪ್‌ಟಾಪಿನಲ್ಲಿದ್ದದ್ದು ಗುರುತಿಲ್ಲದ ಸಿ ಕಿಂಡಿ. ಕೈಪಿಡಿಯಲ್ಲೂ ಚಿತ್ರದ ಮಾತಿರಲಿಲ್ಲ. ಸ್ಪ್ಲಿಟರ್ ತೆಗೆದೆವು. ಹೊಸ ಮಾನಿಟರನ್ನು ನೇರವಾಗಿ ಎಚ್‌ಡಿಎಂಐಗೆ ಕೊಟ್ಟು, ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ, ನಕಲು ಎಂಬುದನ್ನು ಬಿಟ್ಟು ವಿಸ್ತರಣೆ ಎಂಬುದನ್ನು ಆರಿಸಿದೆವು. ತಕ್ಷಣ ಅದು ತನ್ನದೇ ಅಂಗಳವಾಯಿತು. ಹಳೆಯದಕ್ಕೆ ಬೇರೆ ಉಪಾಯ ಬೇಕಾಯಿತು. ಯುಎಸ್‌ಬಿಯ ಮೂಲಕ ಚಿತ್ರ ಕಳಿಸುವ ಅಡಾಪ್ಟರುಗಳಿವೆ. ಅವುಗಳಲ್ಲಿ ತಮ್ಮದೇ ಚಿಪ್ಪು ಇರುತ್ತದೆ, ಲ್ಯಾಪ್‌ಟಾಪಿನಲ್ಲಿ ಅದರ ಡ್ರೈವರ್ ಹಾಕಬೇಕು. ಇದು ಹೇಗೆ ಸಾಧ್ಯ ಎಂದು ಅವಳು ಕೇಳಿದಳು. 1920ಕ್ಕೆ 1080 ಚುಕ್ಕೆಗಳ ಒಂದು ಪರದೆ ಎಂದರೆ 20,73,600 ಚುಕ್ಕೆ. ಒಂದೊಂದಕ್ಕೆ 24 ಬಿಟ್ ಬಣ್ಣ, ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ಟುಗಳು. ಹಳೆಯ ಯುಎಸ್‌ಬಿ 2.0 ಹೊರಬಲ್ಲದ್ದು ಹೆಚ್ಚೆಂದರೆ 48 ಕೋಟಿ. ಹಾಗಾಗಿ ಡ್ರೈವರು ಇಡೀ ಚಿತ್ರವನ್ನು ಪ್ರತಿಸಲ ಕಳಿಸದೆ, ಬದಲಾದ ಭಾಗವನ್ನಷ್ಟೇ ಕುಗ್ಗಿಸಿ ಕಳಿಸುತ್ತದೆ. ಸಿನಿಮಾ ನೋಡುವವರಿಗೆ ಇದು ಮುಗ್ಗರಿಸಬಹುದು. ಓಲೆಯ ಫೋಟೋ ಏಳುನೂರು ವರ್ಷದ ಸಹನೆ ಕಲಿತದ್ದು, ಅಲ್ಲಾಡದೆ ಕೂರುತ್ತದೆ. ಪೇಟೆಯಲ್ಲಿ ಯುಎಸ್‌ಬಿ 3.0ಕ್ಕೂ ವಿಜಿಎಗೂ ನಡುವೆ ನಿಲ್ಲುವಂಥದ್ದು ಒಂದು ಸಿಕ್ಕಿತು. ಚೌಕದ ಮಾನಿಟರ್ ಉಸಿರು ಬಿಟ್ಟು ಎಚ್ಚರಾಯಿತು, ತುಸು ಹಳದಿ ಬೆಳಕಿನಲ್ಲಿ.

ಆ ಮೇಲೆ ಬಂದದ್ದು ಜೋಡಣೆಯ ಪ್ರಶ್ನೆ. ಸೆಟ್ಟಿಂಗ್ಸ್‌ನಲ್ಲಿ ಮೂರು ಪರದೆಗಳು ಮೂರು ಚೌಕಗಳಾಗಿ ಕಾಣುತ್ತವೆ. ಮೇಜಿನ ಮೇಲೆ ಅವು ಇರುವ ಕ್ರಮದಲ್ಲೇ ಅಲ್ಲಿಯೂ ಎಳೆದು ಇಡದಿದ್ದರೆ, ಎಡಕ್ಕೆ ಓಡಿಸಿದ ಬಾಣ ಬಲಗಡೆ ಹುಟ್ಟುತ್ತದೆ. ಇಂಡಿಯ ಕಟ್ಟು ಎಡಕ್ಕೆ, ಮುದ್ದೇಬಿಹಾಳದ್ದು ನಡುವಿನ ಅಗಲದ ಪರದೆಗೆ, ಟೈಪಿಂಗು ಬಲಗಡೆ ಲ್ಯಾಪ್‌ಟಾಪಿಗೆ ಎಂದು ಅವಳೇ ತೀರ್ಮಾನಿಸಿದಳು. ಅಚ್ಚಿನ ಪುಸ್ತಕವಾಗಿದ್ದರೆ ಒಂದು ಮಾನಿಟರನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಬಹುದಿತ್ತು, ಪುಟ ಎತ್ತರದ್ದು. ಓಲೆ ಹಾಗಲ್ಲ, ಅದು ಅಗಲಕ್ಕೆ ಮಲಗಿದ್ದು. ಅವಳ ಫೋಟೋ ಒಂದೊಂದೂ ಸುಮಾರು 4000 ಚುಕ್ಕೆ ಅಗಲ, ಲ್ಯಾಪ್‌ಟಾಪಿನ ಪರದೆ 1366. ಗರಿಯನ್ನು ಪೂರ್ಣ ಗಾತ್ರದಲ್ಲಿ ನೋಡಬೇಕಾದರೆ ಅಂಥ ಮೂರು ಪರದೆ ಸಾಲಾಗಿ ಬೇಕು. ಹಾಗೊಮ್ಮೆ ಒಂದೇ ಗರಿಯನ್ನು ಮೂರಕ್ಕೂ ಹರಡಿ ನೋಡಿದಳು ಕೂಡ. ಪರದೆಗಳ ಅಂಚು ಸಾಲನ್ನು ಎರಡು ಕಡೆ ತುಂಡರಿಸಿತು. ಓಲೆ ಬರೆದವನಿಗೂ ಆ ತೊಡಕಿತ್ತು. ದಾರದ ತೂತಿನ ಸುತ್ತ ಜಾಗ ಬಿಟ್ಟು ಅವನು ಅಕ್ಷರವನ್ನು ಆಚೆ ದಾಟಿಸುತ್ತಿದ್ದ. ನಮಗೆ ಆ ಜಾಣತನ ಬರಲಿಲ್ಲ.

ಮೂರೂ ಬೆಳಗಿದ ಮೇಲೆ ಹೊಸದೊಂದು ತಮಾಷೆ. ಅವಳ ಗುರುಗಳು ಹಿಂದೆ ಮಾಡಿಸಿದ್ದ ಒಂದು ಟೈಪಿನ ಪ್ರತಿ ಹಳೆಯ ನುಡಿ ಅಕ್ಷರದಲ್ಲಿತ್ತು, ಯೂನಿಕೋಡಿನಲ್ಲಿ ಅಲ್ಲ. ಅಕ್ಷರಜೋಡಣೆ ಇಲ್ಲದ ಕಡೆ ತೆರೆದರೆ ರೋಮನ್ ಗುರುತುಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೂ ಇದೆ, ಆದರೂ ನಮ್ಮ ಎಷ್ಟೋ ಕಡತಗಳು ಇನ್ನೂ ಆಚೆ ದಂಡೆಯಲ್ಲೇ ಇವೆ. ಪರಿವರ್ತಿಸಿದ ಮೇಲೂ ಕೆಲವು ಪದ ಹುಡುಕಿದರೆ ಸಿಗಲಿಲ್ಲ. ‘ಕೋ’ ಎಂಬ ಅಕ್ಷರವನ್ನು ಕಂಪ್ಯೂಟರು ಒಂದೇ ಓತ್ವದ ಗುರುತಾಗಿಯೂ ಇಡಬಹುದು, ತುಂಡುಗಳನ್ನು ಕೂಡಿಸಿಯೂ ಇಡಬಹುದು. ಎರಡು ಪರದೆಯ ಮೇಲೆ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಕೂದಲಷ್ಟೂ ವ್ಯತ್ಯಾಸವಿಲ್ಲ, ಎರಡನ್ನೂ ಒಂದೇ ಎಂದು ಎಣಿಸುವಂತೆ ಕಲಿಸದಿದ್ದರೆ ಹುಡುಕುವ ಯಂತ್ರಕ್ಕೆ ಅವು ಬೇರೆ ಬೇರೆ. ಓಲೆಯಲ್ಲಿ ಎರಡು ಪದಕ್ಕೆ ಒಂದು ಬರಹ, ಇಲ್ಲಿ ಒಂದು ಪದಕ್ಕೆ ಎರಡು ಬರಹ. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಲು ತೆರೆದಿಟ್ಟಿರುವ ‘ವಚನ ಸಂಚಯ’ದಂಥ ತಾಣಗಳ ಹಿಂದೆ ಇಂಥವನ್ನೆಲ್ಲ ಸರಿಪಡಿಸುತ್ತ ಕುಳಿತವರ ಶ್ರಮ ಎಷ್ಟಿರಬೇಕು ಎಂದು ಆಗ ತಿಳಿಯಿತು.

ಮರುದಿನ ಮಧ್ಯಾಹ್ನ ಅವಳು ಕೆಲಸಕ್ಕೆ ಕುಳಿತಳು. ನಾನು ಹಿಂದೆ ಕುಳಿತು ನೋಡುತ್ತಿದ್ದೆ. ನಿಜಕ್ಕೂ ಸಂತೋಷದ ನೋಟ. ಕಣ್ಣು ಎಡಕ್ಕೆ ಹೋಗಿ ನಡುವಿಗೆ ಬಂದು ಬಲಕ್ಕೆ ಇಳಿಯುತ್ತಿತ್ತು, ಬೆರಳು ನಿಲ್ಲುತ್ತಿರಲಿಲ್ಲ. ತಲೆಯಲ್ಲಿ ಹಿಡಿದಿಡುವ ಭಾರವಿಲ್ಲ. ಒಂದು ತಾಸಿನಲ್ಲಿ ನಾಲ್ಕು ಗರಿ ಮುಗಿಸಿದಳು. ನಂತರ ಒಂದು ಕಡೆ ನಿಂತಳು.

“ಕಾಕಾ, ಇಲ್ಲಿ ನೋಡ್. ಒಲೆನೋ, ಓಲೆನೋ?”

ಎರಡೂ ಕಟ್ಟಿನಲ್ಲಿ ಆ ಪದ ಒಂದೇ ತೆರನಾಗಿತ್ತು. ಹೋಲಿಕೆಯಿಂದ ಏನೂ ಬಗೆಹರಿಯುವ ಹಾಗಿರಲಿಲ್ಲ. ಹಿಂದಿನ ಪದ ಉರಿಯದು. ಹಾಗಾದರೆ ಒಲೆ. ಮುಂದಿನದು ‘ಬರೆ’. ಹಾಗಾದರೆ ಓಲೆ. ಆದರೆ ಬರೆ ಎಂದರೆ ಕಾದ ಕಬ್ಬಿಣದ ಬರೆಯೂ ಆದೀತು, ಆಗ ಮತ್ತೆ ಒಲೆ. ನಡುವಿನ ಪರದೆಯನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಳು. ತಾಳೆಯ ನಾರು ಕಂಡಿತು, ಮಸಿ ಬಿರಿದದ್ದು ಕಂಡಿತು, ಉತ್ತರ ಕಾಣಲಿಲ್ಲ. ಇನ್ನೆರಡು ಮಾನಿಟರು ತಂದಿಟ್ಟಿದ್ದರೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಹೊರಗಿನ ಎರಡೂ ಪರದೆ ಕಪ್ಪಾದವು. ಬ್ಯಾಟರಿಯ ಬಲದ ಮೇಲೆ ಲ್ಯಾಪ್‌ಟಾಪ್ ಒಂದೇ ಉಳಿಯಿತು. ತೆರೆದಿದ್ದ ಕಿಟಕಿಗಳೆಲ್ಲ ಓಡಿಬಂದು ಆ ಒಂದೇ ಪರದೆಯ ಮೇಲೆ ಒಂದರ ಮೇಲೊಂದು ಬಿದ್ದವು, ಮಳೆ ಬಂದಾಗ ಅಂಗಳದಲ್ಲಿ ಒಣಹಾಕಿದ್ದನ್ನೆಲ್ಲ ಪಡಸಾಲೆಗೆ ಎಸೆದ ಹಾಗೆ. ಹುಡುಗಿ ತಲೆಯ ಮೇಲೆ ಕೈಹೊತ್ತಳು. ನನ್ನ ಮೊಬೈಲಿನಲ್ಲಿ ಇಂಡಿಯ ಕಟ್ಟಿನ ಫೋಟೋಗಳಿದ್ದವು, ಮೊದಲ ದಿನ ಅವಳೇ ಕಳಿಸಿದ್ದು. ಮುದ್ದೇಬಿಹಾಳದ್ದನ್ನು ಲ್ಯಾಪ್‌ಟಾಪಿನಲ್ಲಿ ತೆರೆಯಲು ಹೇಳಿ, ನಾನು ನನ್ನದನ್ನು ಗಟ್ಟಿಯಾಗಿ ಓದತೊಡಗಿದೆ.

ಅತ್ತಿಗೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾಲ್ಕೈದು ಸಾಲು ಓದಿದೆ. ಹುಡುಗಿ ಬೆರಳು ಓಡಿಸುತ್ತ ‘ಹೂಂ, ಹೂಂ’ ಅನ್ನುತ್ತಿದ್ದಳು. ಆ ಸಾಲು ಬಂದಾಗ ನಾಲಿಗೆ ತಾನಾಗಿ ‘ಒಲೆ’ ಎಂದಿತು, ಯಾಕೆಂದು ನನಗೂ ತಿಳಿಯದು. ರೊಟ್ಟಿಯ ಸಪ್ಪಳ ನಿಂತಿತು.

“ಅದು ಒಲಿ ಅಲ್ಲ, ಓಲಿ” ಅಂದರು ಅತ್ತಿಗೆ ಒಳಗಿನಿಂದ. “ನಮ್ಮ ಅವ್ವ ಭಜನಿಯೊಳಗ ಅದನ್ನ ಎಳದು ಹಾಡ್ತಿದ್ಲು. ಒಲಿ ಅಂದ್ರ ತಾಳಕ್ಕ ಕೂಡೂದಿಲ್ಲ.”

ಅವರ ತವರು ಇಂಡಿ ಕಡೆ. ಮುದ್ದೇಬಿಹಾಳದ ಮನೆಯವರು ಹೇಗೆ ಹಾಡುತ್ತಾರೋ ಕೇಳಬೇಕು ಎಂದು ಹುಡುಗಿ ಫೋನು ಹಚ್ಚಿದಳು. ಬೀಗರ ಮನೆಯ ಅಜ್ಜಿಗೆ ಕಿವಿ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ ಅವರು ಫೋನಿನಲ್ಲೇ ಹಾಡಿ ತೋರಿಸಿದರು. ಅವರದು ಒಲೆ, ತಾಳವೂ ಬೇರೆ.

ಸಂಜೆ ಆರಕ್ಕೆ ಕರೆಂಟ್ ಬಂತು. ಮೂರೂ ಪರದೆಗಳು ಒಂದೊಂದಾಗಿ ಎಚ್ಚರಾದವು, ಚೌಕದ್ದು ಎಲ್ಲಕ್ಕಿಂತ ಕೊನೆಗೆ. ಅವಳು ಬಲಗಡೆಯ ಪರದೆಯಲ್ಲಿ ‘ಓಲೆ’ ಎಂದು ಬರೆದು, ಪುಟದ ಅಡಿಗೆ ಒಂದು ಗೆರೆ ಎಳೆದು, ‘ಒಲೆ’ ಎಂಬುದನ್ನೂ ಬರೆದಳು. ಮುಂದೆ ಪ್ರತಿಯ ಅಕ್ಷರ ಹಾಕಬೇಕಾದಲ್ಲಿ ಸ್ವಲ್ಪ ಯೋಚಿಸಿ, ಕ, ಖ ಎರಡನ್ನೂ ಬಿಟ್ಟು, ‘ಹಾಡಿದವರಿಂದ’ ಎಂದು ಟೈಪ್ ಮಾಡಿದಳು.